ಕುಂಕುಮದ ಚೆಂಡು

ಅವರ ಕೊನೆಯ ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಎರಡೂ ಕೈ ಹಿಟ್ಟು. ಮೊಣಕೈಯಿಂದಲೇ ಹೇಗೋ ಸ್ಪೀಕರ್ ಒತ್ತಿದೆ.

"ಟೀಚರ, ಆರು ಹೋಗಿ ಎಂಟ ಆತ್ರಿ."

ನಮಸ್ಕಾರವಿಲ್ಲ, ಆರಾಮ ಅದೀರೇನ್ರಿ ಎಂಬ ಮಾತಿಲ್ಲ. ಬೆಳಗಿನ ಬಸ್ಸಿನ ವೇಳೆ ಏನಾದರೂ ಬದಲಾಯಿತೇ ಎಂದುಕೊಂಡೆ.

"ಏನ್ ಎಂಟಾತ್ರಿ ಸರ್?"

"ಫುಟ್‌ಬಾಲ್‌ನ್ಯಾಗ ಕೀಪರ್ ಕೈಯಾಗ ಚೆಂಡ ಹಿಡಕೊಂಡ ನಿಂದರೂ ಟೈಮ್. ಮೊದಲ ಆರ ಸೆಕೆಂಡ ಇತ್ತು, ಈಗ ಎಂಟ ಮಾಡ್ಯಾರ. ಆದ್ರ ಎಂಟ ದಾಟಿದ್ರ ಎದುರಿನವರಿಗೆ ಸೀದಾ ಕಾರ್ನರ್ ಕಿಕ್. ರೆಫರಿ ಕೈ ಎತ್ತಿ, ಬೆರಳ ಮಡಚಿ ಎಣಿಸಿ ತೋರಸಬೇಕಂತ. ಚಲೋ ಆತಲ್ರಿ?"

"ಭಾಳ ಚಲೋ ಆತು. ನನ್ನ ರೊಟ್ಟಿ ಹೊತ್ತಾಕತ್ತಾವು."

"ಹೊತ್ತಲಿ ಬಿಡ್ರಿ, ಕೇಳ್ರಿ ಇಲ್ಲಿ."

ನಿವೃತ್ತಿಯಾಗಿ ಎರಡು ವರ್ಷವಾಗಿದ್ದ ಮನುಷ್ಯ. ಮಾತಿನ ಹಿಂದೆ ಚಪ್ಪಲಿಯ ಸದ್ದು ಬರುತ್ತಲೇ ಇತ್ತು. ಫೋನು ಹಿಡಿದುಕೊಂಡು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದರು. ಕೊನೆಗೆ ಎಂದಿನ ಪ್ರಶ್ನೆಯೊಂದನ್ನು ಕೇಳಿದರು. ಅದು ಏನೆಂದು ಮುಂದೆ ಹೇಳುತ್ತೇನೆ, ಅದನ್ನು ಹೇಳದೆ ಇವರ ಚಿತ್ರ ಬರೆಯಲು ಬರುವುದಿಲ್ಲ. ವಾರ ಕಳೆಯುವುದರೊಳಗೆ ಅವರು ಹೋಗಿಬಿಟ್ಟರು. ಬೆಳಿಗ್ಗೆ ವಾಕಿಂಗಿಗೆಂದು ಹೊರಟವರು ಹೊಸ್ತಿಲು ದಾಟುವಾಗಲೇ ಕುಸಿದರಂತೆ.

ಶಾಲೆಯವರು ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದಿದ್ದಾರೆ. ನಾನು ಗಣಿತದ ಟೀಚರು, ಬರೆಯುವುದೆಂದರೆ ನನಗೆ ಬೋರ್ಡಿನ ಮೇಲೆ ಬರೆಯುವುದೇ. ಹೋದ ವಾರದಿಂದ ಕೂಡುತ್ತೇನೆ, ಏಳುತ್ತೇನೆ. ಒಲೆ ಆರಿಸಿದೆನೋ ನೋಡಿ ಬರುತ್ತೇನೆ, ಕಿಟಕಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಅವರ ಚಟ ನನಗೆ ಅಂಟಿದೆಯೇನೋ. ಹೆಸರು ಬರೆಯುವುದಿಲ್ಲ. ನಮ್ಮ ಶಾಲೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮಕ್ಕಳಿಗೆ, ಕಂಡಕ್ಟರಿಗೆ, ಚಹಾದಂಗಡಿಯವನಿಗೆ, ಎಲ್ಲರಿಗೂ ಅವರು ಪಿ.ಟಿ. ಸರ್.

ನಮ್ಮ ಹೈಸ್ಕೂಲು ಕುಲಗೋಡದ ಹತ್ತಿರ. ನಾನು ಗೋಕಾಕದಿಂದ ಬಸ್ಸಿಗೆ ಬರುತ್ತೇನೆ. ಅವರು ಗೋಕಾಕ ಫಾಲ್ಸಿನವರು, ಅಲ್ಲಿಂದ ಒಂದು ಬಸ್ಸು ಹಿಡಿದು ಗೋಕಾಕಕ್ಕೆ ಬಂದು ನನ್ನ ಬಸ್ಸಿಗೆ ಹತ್ತುತ್ತಿದ್ದರು. ಸೀಟು ಖಾಲಿ ಇದ್ದರೂ ಕೂಡುತ್ತಿರಲಿಲ್ಲ. ಮೇಲಿನ ಸರಳು ಹಿಡಿದು, ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಭಾರ ಹಾಕುತ್ತ ನಿಂತೇ ಬರುತ್ತಿದ್ದರು. ಕಂಡಕ್ಟರಿಗೆ ಇದು ತಲೆನೋವು.

"ಸರ, ಕುಂದರ್ರಲ್ಲ. ನೋಡಿದವರು ಏನ್ ಅಂದಾರು? ಮಾಸ್ತರನ್ನ ನಿಂದರಿಸಿ ಕರಕೊಂಡ ಹೊಂಟಾನ ಅಂತಾರ."

"ನೀ ಕುಂದರಪಾ. ನಾ ನಿನ್ನ ಬಸ್ ಕಾಯತೇನಿ."

ಸ್ಟಾಫ್ ರೂಮಿನಲ್ಲಿ ಅವರಿಗೂ ಒಂದು ಕುರ್ಚಿ ಇತ್ತು. ಅದರಲ್ಲಿ ಚೆಂಡುಗಳ ಬಲೆಚೀಲ ಕೂಡುತ್ತಿತ್ತು. ಅವರು ಬಾಗಿಲ ಬಳಿ ನಿಂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು, ಇನ್ನೊಂದು ಕೈಯಲ್ಲಿ ಶಿಳ್ಳೆಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ನೋಡಿ ನೋಡಿ ನನಗೇ ತಲೆ ತಿರುಗುತ್ತಿತ್ತು. ಒಮ್ಮೆ ತಡೆಯಲಾರದೆ, ನಿಮ್ಮ ಕಾಲಿಗೆ ಇರುವೆ ಹತ್ಯಾವೇನ್ರಿ ಎಂದು ಕೇಳಿದೆ. ನಕ್ಕರು. ಅವರ ತಂದೆ ಫಾಲ್ಸಿನ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತೇ ಜೀವ ಸವೆಸಿದವರು. "ನಮ್ಮ ಮನ್ಯಾಗ ಕುಂದ್ರೂದ ಯಾರೂ ಕಲಿಸಲಿಲ್ರಿ," ಎಂದರು.

ಹುಡುಗರಾಗಿದ್ದಾಗ ಗಿರಣಿಯ ಬಯಲಿನಲ್ಲಿ ಅವರು ಗೋಲ್‌ಕೀಪರ್ ಆಗಿದ್ದರಂತೆ. ಕೀಪರ್ ಎಂದರೆ ಒಂದೇ ಕಡೆ ನಿಲ್ಲುವವನಲ್ಲವೇ, ನೀವು ಹೇಗೆ ನಿಂತಿರಿ ಎಂದರೆ, "ನಿಂತಲ್ಲೆ ಓಡತಿದ್ನಿ," ಎನ್ನುತ್ತಿದ್ದರು.

ಶಿಕ್ಷಕರ ದಿನಾಚರಣೆ ಬಂತೆಂದರೆ ಅವರನ್ನು ಹಿಡಿಯುವುದೇ ಮಕ್ಕಳಿಗೊಂದು ಆಟ. ನಾವೆಲ್ಲ ಸಾಲಾಗಿ ನಿಂತು ಕಾಲು ಮುಟ್ಟಿಸಿಕೊಳ್ಳುತ್ತಿದ್ದೆವು. ಅವರ ಮುಂದೆ ಯಾರಾದರೂ ಬಗ್ಗಿದರೆ ಸಾಕು, ಹಿಂದಕ್ಕೆ ಜಿಗಿಯುತ್ತಿದ್ದರು. "ಏ, ಕೈ ಹಚ್ಚಬ್ಯಾಡ, ಕೈ ಹಚ್ಚಬ್ಯಾಡ!" ಎನ್ನುತ್ತ ಬಯಲು ತುಂಬ ಓಡುವರು, ಹಿಂದೆ ಮಕ್ಕಳ ಹಿಂಡು. ಅವರ ಪಾದ ಮುಟ್ಟಿದೆ ಎಂದು ಹೇಳಿಕೊಳ್ಳುವ ಒಂದು ಮಗುವೂ ನಮ್ಮಲ್ಲಿರಲಿಲ್ಲ.

ನಾನು ಫುಟ್‌ಬಾಲಿನೊಳಗೆ ಸಿಕ್ಕಿಬಿದ್ದದ್ದು ಸಿಟ್ಟಿನಿಂದಲೇ. ಒಂದು ವರ್ಷ ಸರ್ ಹುಡುಗಿಯರ ತಂಡ ಕಟ್ಟಿದರು. ಹುಡುಗಿಯರು ಊರು ಬಿಟ್ಟು ಆಡಲು ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕಿ ಇರಬೇಕು. ಉಳಿದ ಇಬ್ಬರಿಗೆ ಮನೆಯಲ್ಲಿ ಸಣ್ಣ ಮಕ್ಕಳು. ನನ್ನ ಕೊರಳಿಗೆ ಬಿತ್ತು. ಹೆಡ್‌ಮಾಸ್ತರ ಮುಂದೆ ಹಾರಾಡಿದೆ, ಸಿಲೆಬಸ್ ಯಾರು ಮುಗಿಸುತ್ತಾರೆ ಎಂದು ಕೇಳಿದೆ. ಪಿ.ಟಿ. ಸರ್ ಬಾಗಿಲಲ್ಲಿ ನಿಂತು, "ಟೀಚರ, ಇದರಾಗೂ ಲೆಕ್ಕ ಐತ್ರಿ," ಎಂದರು. ಆ ಮಾತಿಗೆ ಇನ್ನಷ್ಟು ಉರಿಯಿತು.

ಮರುದಿನ ಬಸ್ಸಿನಲ್ಲಿ ಪಾಠ ಶುರು. ನಾನು ಕುಳಿತಿದ್ದೆ, ಅವರು ನಿಂತಿದ್ದರು. ನನ್ನ ತೊಡೆಯ ಮೇಲಿನ ಚೀಲವೇ ಗೋಲಿನ ಮುಂದಿನ ಪೆನಾಲ್ಟಿ ಏರಿಯಾ, ಊಟದ ಡಬ್ಬಿ ಚೆಂಡು, ನಾನು ಕೀಪರ್.

"ಈ ಡಬ್ಬಿ ಎದುರಿನವರು ಒದ್ದ ಕಳಿಸ್ಯಾರ. ಹಿಡೀರಿ ಕೈಲೆ. ಈ ಚೀಲದ ಹೊರಗ ಕೈ ಹಚ್ಚಿದ್ರ ತಪ್ಪು, ಒಳಗ ಹಿಡೀಬಹುದು. ಈಗ ಅದ ಡಬ್ಬಿ ನಿಮ್ಮ ತಂಡದಾಕಿ, ನಿಮ್ಮ ಅಕ್ಕ ಅನ್ರಿ, ಬೇಕಂತ ಕಾಲಿಲೆ ಕೊಟ್ಟಾಳ. ಕೈ ಹಚ್ಚಂಗಿಲ್ಲ. ಚೀಲದ ಒಳಗಿದ್ರೂ ಹಚ್ಚಂಗಿಲ್ಲ. ಕಾಲಿಲೇ ಒದೀಬೇಕು."

"ಇದ್ಯಾವ ಊರ ನಿಯಮ್ರಿ? ವೈರಿ ಕೊಟ್ಟದ್ದನ್ನ ಎದಿಗೆ ಅವಚಿಕೊಳ್ಳೂದು, ಒಡಹುಟ್ಟಿದಾಕಿ ಕೊಟ್ಟದ್ದನ್ನ ಒದೆಯೂದು?"

"ಇಲ್ಲಂದ್ರ ಅಕ್ಕ ತಂಗಿ ತಮ್ಮತಮ್ಮೊಳಗ ಕೊಟ್ಟು ತಗೊಂಡು ಹೊತ್ತ ಮುಣುಗಸ್ತಾರ್ರಿ. ಆಟ ಎಲ್ಲಿ ಆಗಬೇಕು?"

ಆ ತಂಡದಲ್ಲಿ ನಿಜವಾಗಿಯೂ ಅಕ್ಕ ತಂಗಿಯರಿದ್ದರು. ಕುರಿ ಕಾಯುವ ಮನೆಯ ಹುಡುಗಿಯರು. ಅಕ್ಕ ಯಲ್ಲವ್ವ ಹತ್ತನೆಯ ತರಗತಿ, ತಂಡದ ಹಿಂದಿನ ಸಾಲಿನಲ್ಲಿ ಆಡುತ್ತಿದ್ದಳು. ತಂಗಿ ಮಾಳವ್ವ ಎಂಟನೆಯದು, ಕೀಪರ್. ಮಾಳವ್ವ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದ ಹುಡುಗಿ. ಚೆಂಡು ಹಿಡಿದು ಎಸೆದಳೆಂದರೆ ಅರ್ಧ ಮೈದಾನ ದಾಟುತ್ತಿತ್ತು. ಸಣ್ಣ ಮಕ್ಕಳ ಆಟದಲ್ಲಿ ಕೀಪರ್ ಕೈಯಿಂದ ಚೆಂಡು ಬಿಟ್ಟು ಒದೆಯಬಾರದು, ಉರುಳಿಸಬೇಕು ಇಲ್ಲವೇ ಎಸೆಯಬೇಕು ಎಂಬ ನಿಯಮವನ್ನು ಸರ್ ಎಲ್ಲಿಂದಲೋ ಓದಿಕೊಂಡಿದ್ದರು. ತಂಡಕ್ಕೆ ಬಂದಾಗಿನಿಂದ ಅವಳಿಗೆ ಹಾಗೆಯೇ ಕಲಿಸಿದ್ದರು. ಬೇರೆ ಶಾಲೆಯವರು ಮೊದಲ ದಿನದಿಂದಲೇ ಎತ್ತಿ ಒದೆಯಲು ಬಿಡುತ್ತಿದ್ದರು, ಇವರನ್ನು ಕಂಡು ನಗುತ್ತಿದ್ದರು. ಇವರು ಕೇಳಬೇಕಲ್ಲ.

ಮೊದಲ ವಾರದ ಆಟ ನೆನೆದರೆ ಈಗಲೂ ನಗು ಬರುತ್ತದೆ. ನಮ್ಮ ಕಡೆ ವಸ್ತುವಿಗಾಗಲಿ ಮನುಷ್ಯರಿಗಾಗಲಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಪುಸ್ತಕಕ್ಕೆ ತಾಗಿದರೂ ಅಷ್ಟೆ, ಕಸಬರಿಗೆಗೆ ತಾಗಿದರೂ ಅಷ್ಟೆ. ಈ ಹುಡುಗಿಯರು ಚೆಂಡನ್ನು ಕಾಲಿನಿಂದ ನಿಲ್ಲಿಸುವುದು, ತಟ್ಟನೆ ಬಗ್ಗಿ ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಒಬ್ಬಳಾದ ಮೇಲೆ ಒಬ್ಬಳು. ಸರ್ ಪ್ರತಿ ಸಲ ಶಿಳ್ಳೆ ಊದಿ, ಹ್ಯಾಂಡ್‌ಬಾಲ್, ಹ್ಯಾಂಡ್‌ಬಾಲ್ ಎನ್ನುತ್ತ ಓಡುವರು.

"ಯವ್ವಾ, ಇದು ಒದೆಯಾಕ ಮಾಡಿದ್ದ. ಇದಕ್ಕ ಕಾಲ ತಾಗಿದ್ರ ಪಾಪ ಬರೂದಿಲ್ಲ."

"ಹೂನ್ರಿ ಸರ," ಎನ್ನುವರು, ಮತ್ತೆ ಬಗ್ಗುವರು. ಮಳೆಗಾಲ ಮುಗಿಯುತ್ತ ಬಂದಾಗ ಆ ಅಭ್ಯಾಸ ಎಲ್ಲರಿಗೂ ಬಿಟ್ಟಿತು, ಮಾಳವ್ವನೊಬ್ಬಳನ್ನು ಬಿಟ್ಟು. ಅವಳು ಕೀಪರ್, ಅವಳು ಚೆಂಡು ಮುಟ್ಟುವವಳೇ. ಹೀಗಾಗಿ ಅವಳು ಬಗ್ಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಅವಳನ್ನು ಯಾರೂ ತಿದ್ದಲಿಲ್ಲ.

ಇಷ್ಟೆಲ್ಲ ಹೇಳುವ ಸರ್ ತಾವೇನು ಮಾಡುತ್ತಿದ್ದರು? ಪಂದ್ಯದ ದಿನ ಬೆಳಿಗ್ಗೆ ಚೆಂಡಿಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಕರ್ಪೂರ ಬೆಳಗುತ್ತಿದ್ದರು. ನಾನು ಬಿಡುವವಳೇ? "ಸರ್, ದೇವರಲ್ಲ ಒದೀರಿ ಅಂತ ಹುಡುಗ್ಯಾರಿಗೆ ಹೇಳತೀರಿ. ನೀವು ನೋಡಿದ್ರ ಆರತಿ ಮಾಡಾಕತ್ತೀರಿ."

"ದೇವರಂತ ಅಲ್ರಿ. ದುಡಿಯೂ ಸಾಮಾನು. ನಮ್ಮಪ್ಪ ಮಗ್ಗಕ್ಕ ಮಾಡತಿದ್ದ."

"ಹುಡುಗ್ಯಾರಿಗೆ ಅದ ಹೆಂಗ ತಿಳೀಬೇಕು?"

"ತಿಳೀತೈತಿ ಬಿಡ್ರಿ," ಎಂದು ಕರ್ಪೂರದ ತಟ್ಟೆಯನ್ನು ನನ್ನ ಕೈಗೇ ಕೊಟ್ಟು ಹೊರಟುಬಿಟ್ಟರು.

ಆ ವರ್ಷ ಹುಕ್ಕೇರಿಯಲ್ಲಿ ಪಂದ್ಯ. ಮಾಳವ್ವನಿಗೆ ಅದು ಬರೀ ಆಟವಾಗಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಅವರ ಮನೆಯವರು ಕುರಿ ಹೊಡೆದುಕೊಂಡು ಊರು ಬಿಡುತ್ತಾರೆ, ತಿರುಗಿ ಬರುವುದು ಮಳೆ ಬಿದ್ದ ಮೇಲೆ. ಯಲ್ಲವ್ವನದು ಹತ್ತನೆಯದು, ಪರೀಕ್ಷೆ ಮುಗಿಯಲಿ ಎಂದು ಅವಳನ್ನು ಅಜ್ಜಿಯ ಜೊತೆ ಊರಲ್ಲಿ ಬಿಟ್ಟು, ಈ ಸಲ ಮಾಳವ್ವನನ್ನು ಕುರಿಯ ಜೊತೆ ಕರೆದೊಯ್ಯುವುದೆಂದು ಅವಳ ಅಪ್ಪ ನಿಶ್ಚಯಿಸಿದ್ದ. ಹೋದರೆ ಶಾಲೆ ಮುಗಿದಂತೆಯೇ. ಸರ್ ಅವನ ಹಿಂದೆ ಬಿದ್ದು ಒಂದು ಮಾತು ಪಡೆದಿದ್ದರು. ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದರೆ, ಅಲ್ಲೇ ಉಳಿದು ಓದುವುದಾದರೆ, ಹೋಗಲಿ. ಆಯ್ಕೆ ಮಾಡುವವರು ಹುಕ್ಕೇರಿಗೆ ಬರುವವರಿದ್ದರು. ನಮ್ಮ ಬಸ್ಸಿನಲ್ಲಿದ್ದ ಪ್ರತಿಯೊಂದು ಹುಡುಗಿಗೂ ಇದು ಗೊತ್ತಿತ್ತು.

ಬಸ್ಸಿನಲ್ಲಿ ಚೆಂಡು ಮಾಳವ್ವನ ತೊಡೆಯ ಮೇಲಿತ್ತು, ಬೆಳಗಿನ ಕುಂಕುಮ ಸಮೇತ.

"ಸರ, ಪೂಜಿ ಮಾಡೀರಲ್ರಿ. ಇದನ್ನ ಒದೀಬೇಕೇನ್ರಿ?"

"ಒದೀಬೇಕವಾ. ಜೋರಲೆ ಒದೀಬೇಕು."

ಅವಳು ಹೂಂ ಎಂದಳು.

ಮೈದಾನಕ್ಕೆ ಹೋದರೆ ರೆಫರಿಯಾಗಬೇಕಿದ್ದವರು ಬಂದಿಲ್ಲ. ನಮ್ಮ ಕಡೆ ಪಿ.ಟಿ. ಮಾಸ್ತರುಗಳೇ ಒಬ್ಬರ ಪಂದ್ಯಕ್ಕೊಬ್ಬರು ಶಿಳ್ಳೆ ಹಿಡಿಯುವುದು ರೂಢಿ, ತಮ್ಮ ಶಾಲೆಯ ಪಂದ್ಯ ಬಿಟ್ಟು. ಅಂದು ಬೇರೆ ಯಾರೂ ಬಿಡುವಾಗಿರಲಿಲ್ಲ. ಎದುರು ತಂಡದ ಮಾಸ್ತರೇ ಬಂದು, "ನೀವ ಹಿಡೀರಿ ಸರ. ನಿಮ್ಮ ಮ್ಯಾಲೆ ನಮಗ ಸಂಶೆ ಇಲ್ಲ," ಎಂದರು. ಸರ್ ಬೇಡ ಎಂದರು, ತಿರುಗಿ ಒಂದು ಸುತ್ತು ನಡೆದು ಬಂದರು, ಮತ್ತೆ ಬೇಡ ಎಂದರು. ಕೊನೆಗೆ ಹಿಡಿದರು.

ಆಟ ಚೆನ್ನಾಗಿಯೇ ನಡೆಯಿತು. ಮಾಳವ್ವ ಬಂದದ್ದನ್ನೆಲ್ಲ ಹಿಡಿದಳು. ಹಿಡಿದ ಮೇಲೆ ಮಲಗಿ ಕಾಲಹರಣ ಮಾಡುವ ಪೈಕಿ ಅಲ್ಲ, ಎದ್ದು ಎಸೆದೇಬಿಡುವಳು. ಕುರ್ಚಿಯಲ್ಲಿ ಕುಳಿತಿದ್ದ ಆಯ್ಕೆಗಾರರಲ್ಲೊಬ್ಬರು ನನ್ನ ಕಡೆ ತಿರುಗಿ ಆ ಹುಡುಗಿ ಎಷ್ಟನೇ ತರಗತಿ ಎಂದು ಕೇಳಿದರು. ಎಂಟನೆಯದು ಎಂದೆ. ಎರಡೂ ಕಡೆ ಗೋಲು ಆಗಿರಲಿಲ್ಲ, ವೇಳೆ ಮುಗಿಯಲು ಬಂದಿತ್ತು.

ಆಗ ಯಲ್ಲವ್ವನಿಗೆ ಇಬ್ಬರು ಹುಡುಗಿಯರು ಅಡ್ಡ ಬಂದರು. ಅವಳು ಕಲಿಸಿದಂತೆಯೇ ಚೆಂಡನ್ನು ಕಾಲಿನಿಂದ ಹಿಂದಕ್ಕೆ, ತಂಗಿಗೆ ಕೊಟ್ಟಳು. ಮಾಳವ್ವ ಕಲಿಸಿದಂತೆಯೇ ಕೈ ಹಚ್ಚದೆ ಪಾದದಿಂದ ನಿಲ್ಲಿಸಿದಳು. ಹತ್ತಿರ ಯಾರೂ ಇಲ್ಲ. ಒದ್ದರೆ ಮುಗಿಯಿತು. ಆ ಹುಡುಗಿ ಬಗ್ಗಿದಳು. ಪಾದದ ಕೆಳಗಿದ್ದ ಕುಂಕುಮದ ಚೆಂಡನ್ನು ಎರಡು ಬೆರಳಿನಿಂದ ಮುಟ್ಟಿದಳು, ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಎದ್ದು ಜೋರಾಗಿ ಒದೆಯಲು ಕಾಲು ಎತ್ತಿದಳು.

ನನ್ನನ್ನು ಬಿಟ್ಟರೆ ಯಾರೂ ನೋಡಿದಂತಿರಲಿಲ್ಲ. ಎದುರು ತಂಡದವರೂ ಕೂಗಲಿಲ್ಲ, ಅವರ ಮಾಸ್ತರು ನೀರು ಕುಡಿಯುತ್ತಿದ್ದರು. ಸರ್ ಶಿಳ್ಳೆ ಊದಿದರು.

ಅಕ್ಕ ಕಾಲಿನಿಂದ ಕೊಟ್ಟ ಚೆಂಡಿಗೆ ತಂಗಿಯ ಕೈ ಹತ್ತಿತ್ತು, ಎದುರಿನವರಿಗೆ ಇಂಡೈರೆಕ್ಟ್ ಫ್ರೀ ಕಿಕ್. ಒಬ್ಬಳು ಮುಟ್ಟಿಸಬೇಕು, ಇನ್ನೊಬ್ಬಳು ಹೊಡೆಯಬೇಕು. ಗೋಲಿನ ಮುಂದೆಯೇ ಚೆಂಡು ಇಟ್ಟರು. ಒಬ್ಬಳು ಮುಟ್ಟಿಸಿದಳು, ಇನ್ನೊಬ್ಬಳು ಹೊಡೆದಳು. ನಾವು ಸೋತೆವು. ಆಯ್ಕೆಗಾರರು ಗೆದ್ದ ತಂಡದ ಕೀಪರಿನ ಹೆಸರು ಬರೆದುಕೊಂಡು ಎದ್ದು ಹೋದರು. ಮಾಳವ್ವ ಗೋಲಿನ ಕಂಬ ಹಿಡಿದು ನಿಂತೇ ಇದ್ದಳು. ತಾನು ಏನು ತಪ್ಪು ಮಾಡಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ, ಯಲ್ಲವ್ವ ಹೋಗಿ ಹೇಳಿದ ಮೇಲೆ ತಿಳಿಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಸರ್ ಕುಳಿತರು. ಕಿಟಕಿಯ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು. ನನಗೆ ಅದನ್ನು ನೋಡಿ ಭಯವಾಯಿತು, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಹುಡುಗಿಯರು ಕೇಳಿಸಿಕೊಂಡರೂ ಕೇಳಿಸಿಕೊಳ್ಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಒಂದ ನಮಸ್ಕಾರಕ್ಕ ಶಿಳ್ಳಿ ಹೊಡದ್ರೇನ್ರಿ? ಯಾರಿಗೂ ಕಂಡಿರಲಿಲ್ಲ."

"ನನಗ ಕಂಡಿತ್ತಲ್ರಿ."

"ಆಕಿ ಮುಟ್ಟಿದ್ದು ಚೆಂಡಲ್ಲ. ನೀವು ಹಚ್ಚಿದ ಕುಂಕುಮ."

"ಹೌದ್ರಿ. ತಪ್ಪ ನಂದ ಐತಿ. ಆದ್ರ ಶಿಳ್ಳಿ ಯಾರ ತಪ್ಪಂತ ಕೇಳೂದಿಲ್ಲಲ್ರಿ, ಕೈ ಹತ್ತಿತೋ ಇಲ್ಲೋ ಅಷ್ಟ ಕೇಳತೈತಿ."

ಗೋಕಾಕ ಬರುವವರೆಗೆ ನಾನು ಅವರ ಕಡೆ ನೋಡಲಿಲ್ಲ.

ಆ ಭಾನುವಾರ ಕುರಿಹಟ್ಟಿಗೆ ಹೋದೆವು. ಒಬ್ಬರೇ ಹೋಗುವ ಧೈರ್ಯ ಅವರಿಗೆ ಇರಲಿಲ್ಲವೆಂದು ನನ್ನನ್ನು ಕರೆದರು. ಮಾಳವ್ವನ ಅವ್ವ ಕಂಬಳಿ ಹಾಸಿದಳು. ನಾನು ಕುಳಿತೆ, ಅವರು ನಿಂತರು. ಅವ್ವ ಅವರ ಜೊತೆ ಮಾತಾಡಲಿಲ್ಲ, ನನ್ನನ್ನು ಕೇಳಿದಳು.

"ಅಕ್ಕಾರ, ನಮಸ್ಕಾರ ಮಾಡಿದ್ದಕ್ಕ ನಮ್ಮ ಹುಡುಗಿ ಸೋತ್ಳಂತ, ಖರೇನ್ರಿ?"

"ಖರೆ," ಎಂದೆ.

"ಅಂಥಾ ಆಟ ನಮಗ್ಯಾಕ್ರಿ?"

ಸರ್ ಕುರಿಮರಿಗಳ ನಡುವೆ ಒಂದು ಸುತ್ತು ಹೋಗಿ ಬಂದರು. ಕೊನೆಗೆ, ವರ್ಷದ ಮಟ್ಟಿಗೆ ಹುಡುಗಿಯನ್ನು ಊರಲ್ಲೇ ಬಿಡಿ ಎಂದು ಕೈ ಮುಗಿದರು. ಅಪ್ಪ ಒಪ್ಪಲಿಲ್ಲ. ದೀಪಾವಳಿ ಮುಗಿದ ಮೇಲೆ ಮಾಳವ್ವ ಕುರಿಯ ಹಿಂದೆ ಹೊರಟಳು. ಎಂಟನೆಯ ತರಗತಿಯ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ದಿನಾ ಗೈರು ಬರೆದೆ.

ಆಮೇಲೆ ಶುರುವಾಯಿತು ನೋಡಿ ಅವರ ಓಡಾಟ. ಕುರಿ ಎಲ್ಲಿ ಬೀಡು ಬಿಟ್ಟಿವೆ ಎಂದು ಬಸ್ಸಿನವರನ್ನು, ಕಬ್ಬಿನ ಟ್ರ್ಯಾಕ್ಟರಿನವರನ್ನು ಕೇಳುವುದು. ಈ ಭಾನುವಾರ ಮಸಗುಪ್ಪಿಯ ಕಡೆಯ ಹೊಲ, ಮುಂದಿನದಕ್ಕೆ ಹುಕ್ಕೇರಿಯ ಕಡೆ. ಬಲೆಚೀಲ ಹೆಗಲಿಗೆ ಹಾಕಿಕೊಂಡು ಮೋಟರ್ ಸೈಕಲ್ ಮೇಲೆ ಹೋಗುವುದು. ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ ಹೊಲದ ಬದುವಿನಲ್ಲಿ ಹುಡುಗಿಯನ್ನು ನಿಲ್ಲಿಸಿ ಆಡಿಸುವುದು. ಈಗ ಒದೆಯುವುದನ್ನೂ ಕಲಿಸುತ್ತಿದ್ದರು. ನೆಲದ ಮೇಲಿನ ಚೆಂಡು, ಕೈಯಿಂದ ಬಿಟ್ಟ ಚೆಂಡು, ಎಲ್ಲ. ಹೊಲದ ಯಜಮಾನರು ಮೊದಮೊದಲು ಇವರನ್ನು ಕುರಿ ಕೊಳ್ಳಲು ಬಂದವರೆಂದು ತಿಳಿದರಂತೆ.

ಒಮ್ಮೆ ನಾನೂ ಹೋದೆ. ಚೆಂಡಿನ ಮೇಲೆ ಕುಂಕುಮ ಇರಲಿಲ್ಲ. ಆ ದಿನದ ಮೇಲೆ ಅವರು ಚೆಂಡಿಗೆ ಪೂಜೆ ಮಾಡಿದ್ದನ್ನು ನಾನು ಕಾಣಲಿಲ್ಲ. ಮಾಳವ್ವ ಬಿಸಿಲಿಗೆ ಕರ್ರಗಾಗಿದ್ದಳು, ಉದ್ದವಾಗಿದ್ದಳು. ಆಟದ ನಡುವೆ ಸರ್ ಥಟ್ಟನೆ ನಿಂತು ಅವಳನ್ನು ಕೇಳಿಬಿಟ್ಟರು.

"ಮಾಳವ್ವಾ, ಅವತ್ತ ಬ್ಯಾರೆ ಸಾಲಿ ಹುಡುಗಿ ಹಂಗ ಮುಟ್ಟಿದ್ರ ನಾ ಊದತಿದ್ನೇನ?"

ಹುಡುಗಿ ನನ್ನ ಮುಖ ನೋಡಿದಳು. "ನನಗೇನ ಗೊತ್ರಿ ಸರ? ನಾ ಮುಟ್ಟಿದ್ದಂತೂ ಖರೆ ಐತಿ," ಎಂದಳು.

ಇದೇ ಆ ಪ್ರಶ್ನೆ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಪರೀಕ್ಷೆಯ ಮೇಲ್ವಿಚಾರಣೆಯ ನಡುವೆ, ವರ್ಷಗಟ್ಟಲೆ ಇದನ್ನೇ ಕೇಳಿದರು. "ಬ್ಯಾರೆಯವರ ಹುಡುಗಿ ಆಗಿದ್ರ, ಸಣ್ಣದ ಐತಿ ಬಿಡು ಅಂತ ಬಿಡತಿದ್ನೋ ಏನೋ, ಟೀಚರ. ನಮ್ಮ ಹುಡುಗಿ ಅಂತ ಊದಿದ್ನೇನು? ನಾ ಭಾಳ ನಿಯತ್ತಿನಾಂವ ಅಂತ ನಾಕ ಮಂದಿಗೆ ತೋರಸಾಕ ಆ ಕೂಸಿನ ಬಲಿ ಕೊಟ್ನೇನು? ಎಷ್ಟ ನೆನಸಿಕೊಂಡ್ರೂ ಗೊತ್ತಾಗವಲ್ದು."

ನಾನು ಬೈದು ನೋಡಿದೆ, ಸಮಾಧಾನ ಹೇಳಿ ನೋಡಿದೆ. ನೀವು ಖಂಡಿತ ಊದುತ್ತಿದ್ದಿರಿ ಎಂದರೆ ನಂಬುತ್ತಿರಲಿಲ್ಲ. ಊದುತ್ತಿರಲಿಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ಗಣಿತದಲ್ಲಿ ಉತ್ತರ ಇಲ್ಲದ ಲೆಕ್ಕವನ್ನು ಹಾಗೆಂದು ಬರೆದು ಮುಚ್ಚಿಬಿಡಬಹುದು. ಇವರು ಮುಚ್ಚಲು ಬಿಡಲಿಲ್ಲ.

ಮುಂದಿನ ವರ್ಷ ಹುಕ್ಕೇರಿಯಲ್ಲಿ ಮತ್ತೆ ಆಯ್ಕೆ ನಡೆಯಿತು. ಮಳೆ ಬಿದ್ದು ಕುರಿಗಳು ಊರಿಗೆ ಬಂದಿದ್ದವು. ಅಪ್ಪನನ್ನು ಒಪ್ಪಿಸಿದವಳು ಈ ಸಲ ಅವ್ವ. ರವಿವಾರ ರವಿವಾರ ಹೊಲ ಹುಡುಕಿಕೊಂಡು ಬರುವ ಮಾಸ್ತರನ್ನು ನೋಡಿ ನೋಡಿ ಅವಳ ಮನಸ್ಸು ಮೆತ್ತಗಾಗಿತ್ತು. ಮಾಳವ್ವ ಆಯ್ಕೆಯಾದಳು, ಹಾಸ್ಟೆಲಿಗೆ ಹೋದಳು. ಊರಿಗೆಲ್ಲ ಪೇಢೆ ಹಂಚಿದವರು ಸರ್. ನನಗೂ ಎರಡು ಕೊಟ್ಟರು. ಇನ್ನಾದರೂ ಆ ಪ್ರಶ್ನೆ ಸತ್ತಿತು ಎಂದುಕೊಂಡು ಬಾಯಿಗೆ ಹಾಕಿಕೊಂಡೆ.

"ಆಕಿ ನಸೀಬ ಚಲೋ ಇತ್ತು, ಪಾರಾದ್ಳು," ಎಂದರು. "ಅದರಿಂದ ನಾ ಅವತ್ತ ಮಾಡಿದ್ದು ಸರಿ ಆಗಾಂಗಿಲ್ಲಲ್ರಿ."

ಎರಡನೆಯ ಪೇಢೆಯನ್ನು ಚೀಲಕ್ಕೆ ಹಾಕಿಕೊಂಡೆ.

ಅವರ ನಿವೃತ್ತಿಯ ದಿನ ಹೂವು ಸುತ್ತಿದ ದೊಡ್ಡ ಕುರ್ಚಿ ತರಿಸಿದ್ದೆವು. ಸಮಾರಂಭ ಮುಗಿಯುವವರೆಗೆ ಅವರು ಆ ಕುರ್ಚಿಯ ಹಿಂದೆ ನಿಂತಿದ್ದರು, ಅದರ ಬೆನ್ನ ಮೇಲೆ ಕೈ ಇಟ್ಟುಕೊಂಡು, ಯಾರಿಗೋ ಕಾದಿರಿಸಿದವರಂತೆ. ಹಾರ ಹಾಕಲು ಬಂದವರು ಕುರ್ಚಿ ಸುತ್ತಿ ಹೋಗಬೇಕಾಯಿತು. ಮಕ್ಕಳು ಕೊನೆಯ ಸಲ ಕಾಲಿಗೆ ಬೀಳಲು ನುಗ್ಗಿದರು, ಇವರು ವೇದಿಕೆಯಿಂದ ಧುಮುಕಿ ಓಡಿದರು. ಅರವತ್ತರ ವಯಸ್ಸು. ಎಲ್ಲರೂ ನಕ್ಕೆವು, ನನಗೆ ನಗುತ್ತಲೇ ಅಳು ಬಂತು.

ಹೋದ ತಿಂಗಳ ಆ ಕೊನೆಯ ಫೋನಿನಲ್ಲೂ ಕೇಳಿದ್ದು ಅದನ್ನೇ. "ಟೀಚರ, ಬ್ಯಾರೆ ಸಾಲಿ ಹುಡುಗಿ ಆಗಿದ್ರ ಊದತಿದ್ನೇನ್ರಿ?" ಗೊತ್ತಿಲ್ರಿ ಸರ್ ಎಂದೆ. ಗೊತ್ತಿರಲಿಲ್ಲ, ಅದಕ್ಕೇ ಹಾಗೆಂದೆ.

ಸುದ್ದಿ ಬಂದ ದಿನ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಫಾಲ್ಸಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಿಂದಿನಿಂದ ಯಾರೋ "ಟೀಚರ್ರಿ" ಎಂದರು. ಮಾಳವ್ವ. ಈಗ ಅವಳೂ ಪಿ.ಟಿ. ಟೀಚರ್ ಆಗಲು ಓದುತ್ತಿದ್ದಾಳೆ. ಸುದ್ದಿ ತಿಳಿದವಳೇ ಕಾಲೇಜಿನಿಂದ ನೆಟ್ಟಗೆ ಬಂದಿದ್ದಳು, ಆಟದ ಬೂಟಿನಲ್ಲೇ. ಬಸ್ಸಿನಲ್ಲಿ ಪಕ್ಕದಲ್ಲಿ ಕೂಡಿಸಿಕೊಂಡೆ. ಬಸ್ಸು ಊರು ದಾಟಿದ ಮೇಲೆ ತಾನಾಗಿಯೇ ಹೇಳಿದಳು.

"ಈ ರವಿವಾರ ಸರ ಮನಿಗೆ ಬರಾಕಿ ಇದ್ನಿ, ಟೀಚರ್ರಿ. ಅವರಿಗೊಂದ ಮಾತ ಹೇಳೂದಿತ್ತು."

"ಏನವಾ?"

"ಹೋದ ವಾರ ಸಣ್ಣ ಹುಡುಗ್ಯಾರ ಮ್ಯಾಚಿಗೆ ನನ್ನ ರೆಫರಿ ಮಾಡಿದ್ರು. ಎರಡೂ ಸಾಲಿ ನನಗ ಗುರ್ತಿಲ್ಲ, ಹುಡುಗ್ಯಾರೂ ಗುರ್ತಿಲ್ಲ. ಅಲ್ಲೊಂದ ಕೀಪರ್ ಹುಡುಗಿ, ಇಷ್ಟ ಇದ್ದಾಳ. ಆಕಿ ಗೆಳತಿ ಕಾಲಿಲೆ ಚೆಂಡ ಹಿಂದ ಕೊಟ್ಳು. ಈಕಿ ಕಾಲಿಲೆ ನಿಂದರಿಸಿದ್ಳು. ಆಮ್ಯಾಲೆ ಬಗ್ಗಿ ಮುಟ್ಟಿ ಕಣ್ಣಿಗೆ ಒತಕೊಂಡ್ಳು."

ನನ್ನ ಕೈ ಅವಳ ಕೈ ಹಿಡಿದಿತ್ತು. "ನೀ ಏನ್ ಮಾಡಿದಿ?"

"ಊದಿದ್ನಿ," ಎಂದಳು. "ವಿಚಾರ ಮಾಡಾಕ ಟೈಮೇ ಇರಲಿಲ್ರಿ. ಕೈ ಹತ್ತಿದ್ದು ಕಂಡ್ತು, ಊದಿದ್ನಿ. ಬ್ಯಾರೆ ಸಾಲಿ ಹುಡುಗಿ ಆಗಿದ್ರ ಅಂತ ಸರ ಕೇಳಿದ್ದು ಆಮ್ಯಾಲೆ ನೆನಪಾತು. ಅದನ್ನ ಸರಗ ಹೇಳಬೇಕಂತ ಇದ್ನಿ. ಫೋನ್ಯಾಗ ಬ್ಯಾಡ, ಎದುರಿಗೆ ಹೇಳೂಣು ಅಂತ ಬಿಟ್ಟಿದ್ನಿ."

ಅಷ್ಟು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಫಾಲ್ಸಿನ ಸ್ಟಾಪಿನಲ್ಲಿ ಇಳಿದೆವು. ದೂರದಿಂದ ನೀರಿನ ಸದ್ದು ಕೇಳುತ್ತಿತ್ತು.

ಲಿಂಗಾಯತರ ರೂಢಿಯಂತೆ ಅವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಅವರ ಹೆಂಡತಿ ಹಾರದ ಜೊತೆ ಆ ಶಿಳ್ಳೆಯನ್ನೂ ಹಾಕಿದ್ದರು. ಅದು ಇಲ್ಲದೆ ಅವರು ಹೊರಗೆ ಹೊರಟವರೇ ಅಲ್ಲ ಎಂದು ಯಾರಿಗೋ ಹೇಳುತ್ತಿದ್ದರು. ಪದ್ಮಾಸನ ಹಾಕಿದ ಕಾಲುಗಳು ಪಂಚೆಯ ಹೊರಗೆ ಕಾಣುತ್ತಿದ್ದವು. ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದ ಆ ದಿನ ಬಿಟ್ಟರೆ, ಅವರು ಕುಳಿತಿದ್ದನ್ನು ನಾನು ನೋಡಿದ್ದು ಈಗಲೇ. ಇನ್ನೇನು ಏಳುತ್ತಾರೆ, ಏಳಬೇಕು ಎಂದು ನನ್ನ ಮನಸ್ಸು ಚಡಪಡಿಸುತ್ತಿತ್ತು.

ಮಾಳವ್ವ ಬೂಟು ಬಿಚ್ಚಿ ಒಳಗೆ ಹೋದಳು. ಅವರ ಮುಂದೆ ಮೊಣಕಾಲೂರಿ ಕುಳಿತು, ಕಿವಿಯ ಹತ್ತಿರ ಬಾಗಿ, "ಸರ, ನಾನೂ ಊದಿದ್ನಿ," ಎಂದಳು. ಆಮೇಲೆ ಬಗ್ಗಿದಳು. ಆ ಪಾದಗಳನ್ನು ಎರಡೂ ಕೈಯಿಂದ ಮುಟ್ಟಿದಳು, ಕೈಯನ್ನು ಕಣ್ಣಿಗೆ ಒತ್ತಿಕೊಂಡಳು, ಹಾಗೇ ಹಿಡಿದುಕೊಂಡಳು. ಅವರ ಕಾಲು ಹಿಂದೆ ಸರಿಯಲಿಲ್ಲ. ನಾನು ಅವರ ಕೊರಳಿನ ಶಿಳ್ಳೆಯನ್ನೇ ನೋಡುತ್ತ ನಿಂತಿದ್ದೆ.